ಹೊಯಿಗೆ ಎಲ್ಲಿಂದ ಬಂತು?

ಕಳೆದ ಜುಲೈಯಲ್ಲಿ ಅಪ್ಪ ಊರಿಂದ ಫೋನ್ ಮಾಡಿ, "ಪಡು ಬದಿಯ ಮೂರನೇ ತೆಂಗಿನಮರವೂ ಹೋಯ್ತು ಮಾರಾಯ" ಎಂದರು. ನಮ್ಮ ಮನೆ ಮಂಗಳೂರಿನ ದಕ್ಷಿಣಕ್ಕೆ, ಸೋಮೇಶ್ವರ ದಾಟಿ ಉಚ್ಚಿಲದ ಕಡೆ. ಪ್ರತಿ ಮಳೆಗಾಲ ಅಪ್ಪ ಬಾವಿಕಟ್ಟೆಯಿಂದ ಕಡಲಿನವರೆಗೆ ಹೆಜ್ಜೆ ಎಣಿಸುತ್ತಾರೆ. ನಾನು ಶಾಲೆಗೆ ಹೋಗುವಾಗ ನೂರು ದಾಟುತ್ತಿತ್ತು. ಈ ಸಲ 41.

"ಪಾಂಡಿಚೇರಿಯಲ್ಲಿ ಹೋದ ಬೀಚನ್ನು ವಾಪಸ್ ತಂದಿದ್ದಾರಂತೆ. ನೀನು ಅಲ್ಲೇ ಹತ್ತಿರ ಇದ್ದೀಯಲ್ಲ, ನೋಡಿಕೊಂಡು ಬಾ. ಮನೆ ಇಟ್ಟುಕೊಳ್ಳುವುದಾ, ಮಾರುವುದಾ ಅಂತ ಆಮೇಲೆ ನೋಡುವ" ಎಂದರು. ಚೆನ್ನೈಗೆ ಬಂದು ಹನ್ನೆರಡು ವರ್ಷವಾಯಿತು. ಆಫೀಸಿನ ಟೀಮ್ ಔಟಿಂಗ್ ಎಂದು ಪಾಂಡಿಚೇರಿಗೆ ಐದಾರು ಸಲ ಹೋಗಿದ್ದೇನೆ. ಮರಳನ್ನು ನೋಡಲೆಂದೇ ಹೋದದ್ದು ಮೊದಲ ಸಲ.

ಆಗಸ್ಟಿನ ಒಂದು ಶನಿವಾರ ನಸುಕಿಗೇ ಹೊರಟು, ಈಸಿಆರ್‌ನಲ್ಲಿ 150 ಕಿಲೋಮೀಟರ್ ಓಡಿಸಿ, ಗಾಂಧಿ ಪ್ರತಿಮೆಯ ಹತ್ತಿರ ನಿಂತೆ. ಹಳೆಯ ಪ್ರವಾಸಗಳಲ್ಲಿ ಕಂಡದ್ದು ರಸ್ತೆ, ಅದರಾಚೆ ಕರಿಬಂಡೆಗಳ ರಾಶಿ, ಅದರಾಚೆ ನೀರು. 'ಬೀಚ್ ರೋಡ್' ಎಂದು ಹೆಸರು, ಬೀಚೇ ಇಲ್ಲ ಎಂದು ನಾವು ನಗಾಡುತ್ತಿದ್ದೆವು. ಈಗ ಸ್ವಲ್ಪ ಉತ್ತರಕ್ಕೆ ನಡೆದರೆ, ಮುಖ್ಯ ಕಾರ್ಯದರ್ಶಿಗಳ ಕಚೇರಿಯ ಎದುರು ನಿಜವಾದ ಮರಳು. ಮಕ್ಕಳು ಗುಂಡಿ ತೋಡುತ್ತಿದ್ದರು. ಒಬ್ಬ ಅಜ್ಜಿ ಸೀರೆ ನೆನೆಯದಂತೆ ಎತ್ತಿ ಹಿಡಿದು ಅಲೆಗೆ ಕಾಲು ಕೊಟ್ಟು ನಿಂತಿದ್ದರು.

ಈ ಮರಳು ಹೋದ ಕತೆ ದಕ್ಷಿಣದಿಂದ ಶುರುವಾಗುತ್ತದೆ. ಪೂರ್ವ ಕರಾವಳಿಯಲ್ಲಿ ವರ್ಷದ ಹೆಚ್ಚಿನ ತಿಂಗಳು ಅಲೆಗಳು ತೆಂಕಣ ಕಡೆಯಿಂದ ಓರೆಯಾಗಿ ಬಂದು ಬಡಿಯುತ್ತವೆ. ಒಂದೊಂದು ಅಲೆಯೂ ಮರಳನ್ನು ಓರೆಯಾಗಿ ಮೇಲೆ ತಂದು, ನೇರವಾಗಿ ಕೆಳಗೆಳೆಯುತ್ತದೆ. ಹೀಗೆ ಅಂಕುಡೊಂಕಾಗಿ ಮರಳು ಉತ್ತರಕ್ಕೆ ನಡೆಯುತ್ತಲೇ ಇರುತ್ತದೆ. ಈಶಾನ್ಯ ಮಾರುತದ ತಿಂಗಳುಗಳಲ್ಲಿ ಒಂದಿಷ್ಟು ಹಿಂದಕ್ಕೂ ಬರುತ್ತದೆ, ಆದರೆ ಒಟ್ಟು ಲೆಕ್ಕದಲ್ಲಿ ಪ್ರಯಾಣ ಉತ್ತರಕ್ಕೇ. 1980ರ ದಶಕದ ಕೊನೆಯಲ್ಲಿ ಅರಿಯಾಂಕುಪ್ಪಂ ನದಿಯ ಅಳಿವೆಯಲ್ಲಿ ಬಂದರಿಗೆಂದು ಕಡಲೊಳಕ್ಕೆ ಎರಡು ಕಲ್ಲಿನ ತಡೆಗೋಡೆ ಚಾಚಿದರು. ನಡೆದು ಬರುತ್ತಿದ್ದ ಮರಳು ದಕ್ಷಿಣದ ಗೋಡೆಗೆ ಆತು ನಿಂತಿತು. ಅತ್ತ ಬೀಚ್ ಬೆಳೆಯಿತು, ಇತ್ತ ಊರಿನ ಎದುರು ಅಲೆಗಳು ಇದ್ದದ್ದನ್ನು ಕೊಂಡುಹೋದವು, ಹಿಂದಿನಿಂದ ಹೊಸದು ಬರಲಿಲ್ಲ. ನಿಂತ ಮರಳನ್ನು ಪಂಪ್ ಮಾಡಿ ಗೋಡೆಯ ಆಚೆಗೆ ದಾಟಿಸುವ ಯೋಚನೆ ಮೊದಲೇ ಇತ್ತು, ಅದು ಸರಿಯಾಗಿ ನಡೆಯಲಿಲ್ಲ. ಸಾಫ್ಟ್‌ವೇರಿನವರಿಗೆ ಇದು ಗೊತ್ತಿರುವ ರೋಗವೇ: ಕಟ್ಟುವುದಕ್ಕೆ ಬಜೆಟ್ ಇರುತ್ತದೆ, ಮೆಂಟೆನೆನ್ಸಿಗೆ ಇರುವುದಿಲ್ಲ.

ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 2018ರಲ್ಲಿ ಇಲ್ಲಿ ಬೆಣೆಯಾಕಾರದ ದೊಡ್ಡ ಉಕ್ಕಿನ ಪೆಟ್ಟಿಗೆಯೊಂದನ್ನು ಮುಳುಗಿಸಿದರು. ದಡದಲ್ಲಿ ನಿಂತವರಿಗೆ ಅದು ಕಾಣುವುದಿಲ್ಲ, ಅಲೆ ಒಂದು ಕಡೆ ಬೇಗ ಮುರಿಯುವುದಷ್ಟೇ ಕಾಣುತ್ತದೆ. ಬಂದರಿನ ಬಾಯಿಯಲ್ಲಿ ಡ್ರೆಜ್ ಮಾಡಿದ ಮರಳನ್ನು ದಡಕ್ಕೆ ಸುರಿದರೆ, ಅದು ಓಡಿಹೋಗದಂತೆ ಈ ಬೆಣೆ ಹಿಡಿಯುತ್ತದೆ. ಅಂದರೆ 'ಹೊಸ ಮರಳು' ಎನ್ನುವುದು ಹೊಸದೇನೂ ಅಲ್ಲ. ದಾರಿಯಲ್ಲಿ ಸಿಕ್ಕಿಬಿದ್ದ ಹಳೆಯ ಮರಳನ್ನೇ ಎತ್ತಿ ದಾಟಿಸಿದ್ದು.

ನನಗೆ ತುಂಬ ಖುಷಿಯಾಗಿತ್ತು. ಅಪ್ಪನಿಗೆ ಫೋಟೋ ಕಳಿಸಿಯೂ ಆಯಿತು. ಅಷ್ಟಕ್ಕೇ ವಾಪಸಾಗಿದ್ದರೆ ಒಳ್ಳೆಯದಿತ್ತೇನೋ.

ಮಧ್ಯಾಹ್ನ ಉತ್ತರಕ್ಕೆ, ತಮಿಳುನಾಡಿನ ಗಡಿ ದಾಟಿ ಬೊಮ್ಮಯಾರ್‌ಪಾಳಯಂ ಕಡೆಯ ಮೀನುಗಾರರ ಕೇರಿಗೆ ಹೋದೆ. ದಡ ಮೆಟ್ಟಿಲಿನಂತೆ ಕಡಿದಿತ್ತು. ಬೇರು ಗಾಳಿಗೆ ಬಿಟ್ಟುಕೊಂಡ ತೆಂಗಿನಮರ, ಅರ್ಧ ಗೋಡೆ. ಥೇಟ್ ನಮ್ಮ ಹಿತ್ತಿಲು. ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು, ಪಾಂಡಿಚೇರಿಯಲ್ಲಿ ಬೀಚ್ ಬಂದಿದೆಯಲ್ಲ ಎಂದು ನಾನು ಹರಕು ತಮಿಳಿನಲ್ಲಿ ಹೇಳಿದ್ದಕ್ಕೆ, ತಲೆ ಎತ್ತದೆ ಉತ್ತರಿಸಿದರು: "ಅಲ್ಲಿ ಹಿಡಿದಿಟ್ಟರೆ ಇಲ್ಲಿಗೆ ಏನು ಬರುತ್ತದೆ ತಂಬಿ? ಅವರು ಬಂಡೆ ಹಾಕಿದಾಗಲೂ ಕಡಲು ನಮ್ಮ ಕಡೆಗೇ ಬಂತು." ದೋಣಿ ಎಳೆದಿಡಲು ಈಗ ಪಕ್ಕದ ಊರಿನ ದಡಕ್ಕೆ ಹೋಗುತ್ತಾರಂತೆ.

ನನಗೆ ತಕ್ಷಣ ನೆನಪಾದದ್ದು ಊರು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದ ಅಳಿವೆಯ ತಡೆಗೋಡೆ ಸರಿಪಡಿಸಿ, ನೀರೊಳಗೆ ರೀಫ್ ಕಟ್ಟಿದಾಗ ಅಲ್ಲಿಯವರು ನಿಟ್ಟುಸಿರು ಬಿಟ್ಟಿದ್ದರು. ಆಮೇಲಿನ ಮಳೆಗಾಲಗಳಲ್ಲಿ ಕೊರೆತದ ಸುದ್ದಿ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಯಿಂದ ಬರತೊಡಗಿತು. ಎರಡಕ್ಕೂ ಸಂಬಂಧ ಇದೆಯೆಂದು ನಾನು ಹೇಳಲಾರೆ. ನಮ್ಮ ಕಡಲಿನ ಮರಳಿನ ನಡೆ ಇಲ್ಲಿಯಷ್ಟು ನೇರವಲ್ಲ, ಮಳೆಗಾಲಕ್ಕೆ ಒಂದು ದಿಕ್ಕು, ಬೇಸಿಗೆಗೆ ಇನ್ನೊಂದು. ನಮ್ಮ ಕೇರಿಯವರು ಮಾತ್ರ ಹೇಳಿಯೇ ಹೇಳುತ್ತಾರೆ.

ರಾತ್ರಿ ಚೆನ್ನೈಗೆ ಮರಳುವಾಗ ಮರೀನಾದಲ್ಲಿ ಇಳಿದು ಸುಂಡಲ್ ತಿಂದೆ. ರಸ್ತೆಯಿಂದ ನೀರಿಗೆ ನಡೆದು ನಡೆದು ಕಾಲು ಸೋಲುವಷ್ಟು ಅಗಲದ ಈ ಬೀಚ್ ಕೂಡ 19ನೇ ಶತಮಾನದಲ್ಲಿ ಕಟ್ಟಿದ ಬಂದರಿನ ದಕ್ಷಿಣದ ಗೋಡೆಗೆ ಆತು ಬೆಳೆದದ್ದು. ಬಂದರಿನ ಉತ್ತರದ ರಾಯಪುರಂ ಕಡೆ ಬಂಡೆಗಳ ಸಾಲು. ಹನ್ನೆರಡು ವರ್ಷ ಯಾರ ಪಾಲಿನ ಮರಳಿನ ಮೇಲೆ ಕೂತು ತಿಂಡಿ ತಿಂದೆನೋ.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. "ಹಾಗಾದರೆ ಹೊಯಿಗೆ ತಂದು ಹಾಕಿದರೆ ನಿಲ್ತದಾ?" ಎಂದರು.

"ನಿಲ್ತದೆ ಅಪ್ಪ, ಮತ್ತೆ ಮತ್ತೆ ಹಾಕ್ತಾ ಇದ್ದರೆ. ಆಚೆಯವರಿಗೂ ದಾಟಿಸ್ತಾ ಇರಬೇಕು."

"ಮಾಡಿಗೆ ವರ್ಷವರ್ಷ ಸೋಗೆ ಹೊದಿಸಿದ ಹಾಗೆ" ಎಂದವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮನೆ ಮಾರುವ ಮಾತು ನಾನೂ ಎತ್ತಲಿಲ್ಲ. ಫೋನ್ ಇಡುವ ಮೊದಲು ಹೇಳಿದರು: "ನವರಾತ್ರಿ ಕಳೆದ ಮೇಲೆ ಕಡಲು ಸ್ವಲ್ಪ ಹೊಯಿಗೆ ವಾಪಸ್ ಕೊಡ್ತದೆ. ದೀಪಾವಳಿಗೆ ನೀನು ಬಾ, ಒಟ್ಟಿಗೆ ಅಳೆಯುವ. ನನ್ನ ಹೆಜ್ಜೆಯೂ ಈಗ ಸಣ್ಣದಾಗಿದೆ."