ಆರೂಮುಕ್ಕಾಲರ ವ್ಯಾನು

ಜನವರಿಯಲ್ಲಿ ಬೆಂಗಳೂರಿಗೆ ಸೂರ್ಯ ಬರುವುದು ಆರೂಮುಕ್ಕಾಲರ ಸುಮಾರಿಗೆ. ನಮ್ಮ ಬನಶಂಕರಿ ಮೂರನೇ ಹಂತದ ಮಕ್ಕಳು ಅವನಿಗಿಂತ ಮುಂಚೆಯೇ ಬೀದಿಗೆ ಬಂದಿರುತ್ತಾರೆ. ತಿರುವಿನ ಹೊಂಗೆ ಮರದ ಕೆಳಗೆ ಅವರ ಸ್ಟಾಪು. ಬೋರ್ಡಿಲ್ಲ, ತಂಗುದಾಣವಿಲ್ಲ, ಮಕ್ಕಳು ನಿಲ್ಲುತ್ತಾರೆ, ಅದಕ್ಕೇ ಅದು ಸ್ಟಾಪು. ಬೆಳಗಿನ ವಾಕಿಂಗಿಗೆಂದು ಹೊರಟ ನಾನು ಅಲ್ಲಿಗೆ ಬಂದಾಗಲೆಲ್ಲ ನಿಂತುಬಿಡುತ್ತೇನೆ. ಒಬ್ಬ ತಾಯಿ ರಬ್ಬರ್ ಬ್ಯಾಂಡನ್ನು ಹಲ್ಲಲ್ಲಿ ಕಚ್ಚಿಕೊಂಡು ಮಗಳ ಎರಡನೇ ಜಡೆ ಹೆಣೆಯುತ್ತಿರುತ್ತಾರೆ. ಮನೆಯಲ್ಲಿ ಒಂದು ಜಡೆಗಷ್ಟೇ ಹೊತ್ತು ಸಿಕ್ಕಿರುತ್ತದೆ. ಒಬ್ಬ ತಾತ ಮೊಮ್ಮಗನ ಬ್ಯಾಗನ್ನು ತಾವೇ ಹೆಗಲಿಗೇರಿಸಿ, ನೀರಿನ ಬಾಟ್ಲಿಯನ್ನು ಕೊರಳಿಗೆ ಹಾಕಿಕೊಂಡು ನಿಂತಿರುತ್ತಾರೆ. ಹುಡುಗ ಅವರ ಪಂಚೆ ಹಿಡಿದುಕೊಂಡು ನಿಂತಲ್ಲೇ ಕಣ್ಣು ಮುಚ್ಚಿರುತ್ತಾನೆ. ಧನುರ್ಮಾಸದಲ್ಲಾದರೆ ಹತ್ತಿರದ ದೇವಸ್ಥಾನದ ಹುಗ್ಗಿ ದೊನ್ನೆಯಲ್ಲಿ ಇಲ್ಲಿಗೇ ಬರುತ್ತದೆ. “ಇನ್ನೊಂದೇ ತುತ್ತು ಕಂದ, ಖಾಲಿ ಹೊಟ್ಟೇಲಿ ಹೋಗಬಾರದು” ಎಂದು ಅಜ್ಜಿ ಹೇಳುವಷ್ಟರಲ್ಲಿ ವ್ಯಾನಿನ ಹಾರ್ನು ಕೇಳಿಸುತ್ತದೆ. ಬಾಯಲ್ಲಿ ತುತ್ತು ಇರುವಾಗಲೇ ಮಗು ಗಾಡಿ ಹತ್ತುತ್ತದೆ.

ನೆರೆಮನೆಯ ಮಗುವಿಗೆ ಕೈ ಮುರಿದಿದ್ದಾಗ ಒಂದು ದಿನ ಅದರ ಜೊತೆ ನಾನೂ ಆ ವ್ಯಾನಿನಲ್ಲಿ ಹೋದೆ. ಮಾರುತಿ ಓಮ್ನಿ ಅದು. ತಯಾರಿಕೆ 2019ರಲ್ಲೇ ನಿಂತಿದ್ದರೂ ಬೆಂಗಳೂರಿನ ಮಕ್ಕಳನ್ನು ಅದು ಇನ್ನೂ ಶಾಲೆಗೆ ಮುಟ್ಟಿಸುತ್ತಿದೆ. ಬ್ಯಾಗುಗಳು ಮೇಲಿನ ಕ್ಯಾರಿಯರಿಗೆ, ಊಟದ ಬುಟ್ಟಿಗಳು ಕಾಲ ಕೆಳಗೆ. ಕಿಟಕಿ ಸೀಟಿಗೆ ಸರದಿ ಉಂಟು. ಸೋಮವಾರ ಒಬ್ಬರದು, ಮಂಗಳವಾರ ಮತ್ತೊಬ್ಬರದು. ಆ ನಿಯಮ ಮಾಡಿಕೊಂಡವರೂ ಮಕ್ಕಳೇ, ಪಾಲಿಸುವವರೂ ಮಕ್ಕಳೇ. ಯುಕೆಜಿಯ ಪುಟಾಣಿಯೊಬ್ಬಳು ಏಳನೇ ಕ್ಲಾಸಿನ ಹುಡುಗಿಯ ಬಲತೋಳಿಗೆ ಒರಗಿ ನಿದ್ದೆ ಹೋದಳು. ಅಂದು ಸಮಾಜ ವಿಜ್ಞಾನದ ಟೆಸ್ಟ್ ಇದ್ದ ಆ ಹುಡುಗಿ ತೋಳು ಅಲುಗಿಸದೆ, ಎಡಗೈಯಲ್ಲೇ ಪುಟ ತಿರುವುತ್ತಾ ಓದಿಕೊಂಡಳು. ವ್ಯಾನಿನಲ್ಲಿ ತೆಲುಗು, ತಮಿಳು, ಮಾರ್ವಾಡಿ, ಬಂಗಾಳಿ ಮನೆಯ ಮಕ್ಕಳಿದ್ದರು. ಡ್ರೈವರ್ ಅಂಕಲ್ ಮಂಡ್ಯದ ಕಡೆಯವರು. “ಅಂಕಲ್, ಸ್ವಲ್ಪ ನಿಲ್ಸಿ, ನನ್ ಶೂ ಬಿದ್ದೋಯ್ತು” ಎಂದು ಕೂಗಿದ ಹುಡುಗನ ಮನೆಮಾತು ಬಂಗಾಳಿ ಎಂದು ತಿಳಿದಾಗ ನನಗೆ ಆದ ಸಂತೋಷ ದೊಡ್ಡದು. ಈ ಮಕ್ಕಳಲ್ಲಿ ಎಷ್ಟೋ ಮಂದಿ ಬಾಯಿತುಂಬ ಕನ್ನಡ ಆಡುವುದು ಇಲ್ಲಿಯೇ.

ಆದರೆ ಆ ದಾರಿ! ಶಾಲೆ ಎಂಟು ಕಿಲೋಮೀಟರ್ ದೂರ ಇದ್ದಿರಬೇಕು. ಗಾಡಿ ನೇರವಾಗಿ ಹೋಗುವಂತಿಲ್ಲ. ಒಂದೊಂದು ಬಡಾವಣೆಗೂ ನುಗ್ಗಿ, ಒಂದೊಂದು ಗೇಟಿನ ಮುಂದೆಯೂ ನಿಂತು, ಸಿಗ್ನಲ್ಲಿಗೆ ಮರಳಬೇಕು. ಮೊದಲು ಹತ್ತಿದ ಮಗು ಕೊನೆಗೆ ಹತ್ತಿದ ಮಗುವಿಗಿಂತ ಒಂದು ಗಂಟೆ ಹೆಚ್ಚು ಕೂತಿರುತ್ತದೆ. ಹೀಗಾಗುವುದಕ್ಕೆ ತಂದೆತಾಯಿಯರನ್ನು ದೂರುವುದು ನನ್ನಿಂದಾಗದು. ಬಾಡಿಗೆ ಏರಿತೆಂದು ಮನೆ ಬದಲಿಸಿರುತ್ತಾರೆ, ಸಾಲ ಮಾಡಿ ಊರಾಚೆ ಫ್ಲ್ಯಾಟ್ ಕೊಂಡಿರುತ್ತಾರೆ. ಕಷ್ಟಪಟ್ಟು ಸೀಟು ಗಿಟ್ಟಿಸಿದ ಶಾಲೆಯನ್ನು ನಡುವೆ ಬಿಡಿಸಲು ಮನಸ್ಸು ಬರುವುದಿಲ್ಲ. ಮನೆ ದೂರವಾದಷ್ಟೂ ಅಲಾರಾಂ ಮುಳ್ಳು ಹಿಂದಕ್ಕೆ ಸರಿಯುತ್ತದೆ.

ಸರಿಯುವುದು ಮಕ್ಕಳ ನಿದ್ದೆಯೊಳಕ್ಕೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ರಾತಜ್ಞರು. ಐದೂವರೆಗೆ ಏಳಬೇಕಾದ ಮಗು ಹಾಗಾದರೆ ರಾತ್ರಿ ಎಂಟೂವರೆಗೆ ಮಲಗಿರಬೇಕು. ಅಪ್ಪ ಆಫೀಸಿನಿಂದ ಬರುವುದೇ ಒಂಬತ್ತಕ್ಕೆ. ಅಪ್ಪನ ಮುಖ ನೋಡಿಯೇ ಮಲಗುತ್ತೇನೆ ಎಂದು ಹಟ ಹಿಡಿಯುವ ಮಗುವಿನದೇನು ತಪ್ಪು? ಹದಿಹರೆಯದವರ ಪಾಡು ಇನ್ನೂ ಬೇರೆ. ಆ ವಯಸ್ಸಿನಲ್ಲಿ ನಿದ್ದೆ ತರುವ ಮೆಲಟೋನಿನ್ ದೇಹದಲ್ಲಿ ತಡವಾಗಿ ಒಸರುತ್ತದೆ. ಬೇಗ ಮಲಗು ಎಂದು ಗದರಿದರೆ ನಿದ್ದೆ ಬರುವುದಿಲ್ಲ. ಇದನ್ನು ಅರಿತೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ, ದೊಡ್ಡ ಮಕ್ಕಳ ತರಗತಿ ಎಂಟೂವರೆಗೆ ಮುಂಚೆ ಶುರುವಾಗುವುದು ಬೇಡ ಎಂದಿತು. ನೆರೆಯ ಮಹಾರಾಷ್ಟ್ರ 2024ರ ಫೆಬ್ರುವರಿಯಲ್ಲಿ, ನಾಲ್ಕನೇ ತರಗತಿವರೆಗಿನ ಮಕ್ಕಳಿಗೆ ಒಂಬತ್ತಕ್ಕೆ ಮುಂಚೆ ಪಾಠ ಬೇಡ ಎಂದು ಆದೇಶ ಹೊರಡಿಸಿತು. ನಮ್ಮಲ್ಲೂ 2023ರಲ್ಲಿ ಶಾಲೆಯ ವೇಳೆಯ ಚರ್ಚೆ ನಡೆಯಿತು. ಸಂಚಾರ ದಟ್ಟಣೆ ತಗ್ಗಿಸಲು ವೇಳೆ ಬದಲಿಸಬಹುದೇ ನೋಡಿ ಎಂದು ಹೈಕೋರ್ಟು ಸೂಚಿಸಿತು, ಶಿಕ್ಷಣ ಇಲಾಖೆ ಸಭೆ ಕರೆಯಿತು, ಶಾಲೆಗಳು ಒಪ್ಪಲಿಲ್ಲ. ಆ ಚರ್ಚೆ ಶುರುವಾದದ್ದು ರಸ್ತೆಯಿಂದ. ಮಗುವಿನ ಕಣ್ಣಿಂದ ಶುರುವಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಬ್ಯಾಗಿನ ಮಾತನ್ನೂ ಇಲ್ಲೇ ಆಡಿಬಿಡುತ್ತೇನೆ. 2019ರ ಸರ್ಕಾರಿ ಆದೇಶದಂತೆ ಒಂದು, ಎರಡನೇ ತರಗತಿಯ ಬ್ಯಾಗು ಎರಡು ಕಿಲೋ ಮೀರುವಂತಿಲ್ಲ. ಒಂಬತ್ತು, ಹತ್ತಕ್ಕೂ ಐದೇ ಕಿಲೋ. ಒಳ್ಳೆಯ ಆದೇಶ. ತೂಕ ನೋಡಬೇಕೆನ್ನುವವರು ಸ್ಟಾಪಿನ ತಾತನ ಹೆಗಲನ್ನು ಕೇಳಲಿ.

ಎಂಟೂವರೆ ದಾಟಿದ ಮೇಲೆ ಅದೇ ಬೀದಿಯಲ್ಲಿ ಇನ್ನೊಂದು ಮೆರವಣಿಗೆ ಹೊರಡುತ್ತದೆ. ಸರ್ಕಾರಿ ಶಾಲೆಯ ಮಕ್ಕಳು. ಕಟ್ಟಡದ ಕೆಲಸಕ್ಕೆ ರಾಯಚೂರು, ಯಾದಗಿರಿ ಕಡೆಯಿಂದ ಬಂದವರ ಮಕ್ಕಳೇ ಹೆಚ್ಚು. ಅಕ್ಕ ತಮ್ಮನ ಕೈ ಹಿಡಿದಿರುತ್ತಾಳೆ, ತಮ್ಮ ದಾರಿಯ ನಾಯಿಮರಿಗಳನ್ನೆಲ್ಲ ಮಾತಾಡಿಸುತ್ತಾನೆ. “ಲಗೂ ನಡಿಯೋ, ಹಾಲು ಆರ್‍ತೈತಿ” ಎಂದು ಅವಳ ಅವಸರ; 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಅದು. ನಿದ್ದೆ ಮುಗಿಸಿ, ನಡೆದು, ಮಾತಾಡುತ್ತಾ ಬರುವ ಈ ಮಕ್ಕಳ ಕಣ್ಣು ಪೂರ್ತಿ ತೆರೆದಿರುತ್ತದೆ. ಆದರೆ ರಿಂಗ್ ರಸ್ತೆ ಬಂದೊಡನೆ ಇಬ್ಬರೂ ನಿಲ್ಲುತ್ತಾರೆ. ಜೀಬ್ರಾ ಪಟ್ಟೆ ಅಳಿಸಿಹೋಗಿದೆ, ಯಾವ ಗಾಡಿಯೂ ನಿಧಾನಿಸುವುದಿಲ್ಲ. ಅಕ್ಕ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ತಮ್ಮನ ಮಣಿಕಟ್ಟನ್ನು ಬಿಗಿಹಿಡಿದು ಓಡುತ್ತಾಳೆ. ಅವರು ಆಚೆ ದಡ ಸೇರುವವರೆಗೂ ನನ್ನ ಎದೆ ಹೊಡೆದುಕೊಳ್ಳುತ್ತಿರುತ್ತದೆ.

ಒಂದು ಕಡೆ ನಿದ್ದೆಗೆಟ್ಟ ಸವಾರಿ, ಇನ್ನೊಂದು ಕಡೆ ಜೀವ ಕೈಯಲ್ಲಿ ಹಿಡಿದ ನಡಿಗೆ. ಎರಡಕ್ಕೂ ಮದ್ದು ಒಂದೇ ಎಂದು ನನ್ನ ನಂಬಿಕೆ: ಮನೆಯ ಹತ್ತಿರ ಒಳ್ಳೆಯ ಶಾಲೆ, ಅಲ್ಲಿಗೆ ನಡೆಯಲು ಒಳ್ಳೆಯ ದಾರಿ. 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗ, ಒಂದು ಕೇರಿಯ ಮಕ್ಕಳೆಲ್ಲ ಜಾತಿ, ಹಣ ನೋಡದೆ ತಮ್ಮ ನೆರೆಹೊರೆಯ ಶಾಲೆಯಲ್ಲೇ ಕೂಡಿ ಕಲಿಯಲಿ ಎಂದಿತ್ತು. ಶಿಕ್ಷಣ ಹಕ್ಕು ಕಾಯ್ದೆಯಡಿ ನಮ್ಮ ರಾಜ್ಯದ ನಿಯಮವೂ ಐದನೇ ತರಗತಿವರೆಗೆ ಒಂದು ಕಿಲೋಮೀಟರ್, ಎಂಟರವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆನ್ನುತ್ತದೆ. ನಮ್ಮ ಬಡಾವಣೆಯಲ್ಲೂ ಅಂಥ ಶಾಲೆಯಿದೆ, ಅಂಗಳವಿದೆ, ಮೇಷ್ಟ್ರಿದ್ದಾರೆ. ವ್ಯಾನಿನ ಮಕ್ಕಳೂ ನಡೆದು ಬರುವ ಮಕ್ಕಳೂ ಅಲ್ಲಿ ಒಂದೇ ಬೆಂಚಿನಲ್ಲಿ ಕೂರುವಂತಾದರೆ, ಎಡಗೈಯಲ್ಲಿ ಪುಟ ತಿರುವಿದ ಆ ಹುಡುಗಿಗೂ ತಮ್ಮನ ಮಣಿಕಟ್ಟು ಹಿಡಿದ ಈ ಅಕ್ಕನಿಗೂ ಗೆಳೆತನವಾಗುತ್ತದೆ. ಅಂಥ ಶಾಲೆ ಕೇಳುವುದು ನಮ್ಮ ಕೆಲಸ, ನಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸುವ ಧೈರ್ಯ ಮಾಡುವುದೂ ನಮ್ಮ ಕೆಲಸ. ಅಷ್ಟರವರೆಗೆ ಪುಟ್ಟ ಮಕ್ಕಳ ಗಂಟೆಯನ್ನು ತಡವಾಗಿ ಬಾರಿಸಲಿ, ಫುಟ್‌ಪಾತ್ ಸರಿಮಾಡಲಿ, ಆ ಜೀಬ್ರಾ ಪಟ್ಟೆಗೆ ನಾಳೆಯೇ ಬಿಳಿ ಬಣ್ಣ ಬಳಿಯಲಿ.