ಲಾಂಗ್‌ವುಡ್ ಮನೆಯ ರೋಗಿ

ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ, ಆಫ್ರಿಕಾ ತೀರದಿಂದ ಸುಮಾರು 1,900 ಕಿ.ಮೀ. ದೂರದಲ್ಲಿ ಸೇಂಟ್ ಹೆಲೆನಾ ಎಂಬ ಪುಟ್ಟ ದ್ವೀಪವಿದೆ. ವಿಸ್ತೀರ್ಣ ಕೇವಲ 122 ಚದರ ಕಿ.ಮೀ. 2017ರಲ್ಲಿ ವಿಮಾನ ಸಂಚಾರ ಆರಂಭವಾಗುವವರೆಗೂ ಪ್ರವಾಸಿಗರಿಗೆ ಹಡಗೊಂದೇ ಗತಿಯಾಗಿತ್ತು. ರಾಜಧಾನಿ ಜೇಮ್ಸ್‌ಟೌನ್ ಎರಡು ಬೋಳುಗುಡ್ಡಗಳ ನಡುವಣ ಇಕ್ಕಟ್ಟಾದ ಕಣಿವೆಯಲ್ಲಿದೆ. ಅಲ್ಲಿಂದ ಏರುದಾರಿಯಲ್ಲಿ ಸಾಗಿದರೆ ಗಾಳಿ, ಮಂಜು, ತೇವ ತುಂಬಿದ ಎತ್ತರದ ಬಯಲು ಸಿಗುತ್ತದೆ. ಲಾಂಗ್‌ವುಡ್ ಮನೆ ಇರುವುದು ಅಲ್ಲೇ.

ವಾಟರ್ಲೂ ಕದನದಲ್ಲಿ ಸೋತ ನೆಪೋಲಿಯನ್ 1815ರ ಡಿಸೆಂಬರ್‌ನಿಂದ ಬ್ರಿಟಿಷರ ಸೆರೆಯಾಳಾಗಿ ಬದುಕಿದ್ದು ಈ ಮನೆಯಲ್ಲಿ. 1858ರಲ್ಲಿ ಫ್ರಾನ್ಸ್ ಇದನ್ನು ಕೊಂಡಿತು, ಈಗಿದು ವಸ್ತುಸಂಗ್ರಹಾಲಯ. ಕಾವಲುಗಾರರ ಚಲನವಲನ ನೋಡಲು ಆತ ಮಾಡಿಸಿದನೆಂದು ಹೇಳುವ ತೂತುಗಳನ್ನು ಕಿಟಕಿಯ ಬಾಗಿಲುಗಳಲ್ಲಿ ಕಾಣಬಹುದು.

ಇಲ್ಲಿ ಆತನ ಕಾಯಿಲೆಯೂ ರಾಜಕೀಯದ ವಿಷಯವಾಯಿತು. ಯಕೃತ್ತಿನ ರೋಗವೆಂದರೆ ದ್ವೀಪದ ಹವೆಯನ್ನು, ಅಂದರೆ ಬ್ರಿಟಿಷರನ್ನೇ ದೂರಿದಂತೆ. ಹಾಗೆ ಹೇಳಿದ ವೈದ್ಯ ಸ್ಟೋಕೊ 1819ರಲ್ಲಿ ಸೈನಿಕ ವಿಚಾರಣೆಗೆ ಗುರಿಯಾಗಿ ಕೆಲಸ ಕಳೆದುಕೊಂಡ. ಇತ್ತ ರೋಗಿಗೆ ಹೊಟ್ಟೆನೋವು, ವಾಂತಿ, ನಿಶ್ಶಕ್ತಿ ಹೆಚ್ಚುತ್ತಲೇ ಹೋದವು. 1821ರ ಮೇ 3ರಂದು ಪಾದರಸದ ಲವಣವಾದ ಕ್ಯಾಲೊಮೆಲ್ಲನ್ನು ಭೇದಿಗೆಂದು ಭಾರಿ ಪ್ರಮಾಣದಲ್ಲಿ ಕೊಟ್ಟರು. ಮೇ 5ರ ಸಂಜೆ ಆತ ಕೊನೆಯುಸಿರೆಳೆದ. ವಯಸ್ಸು 51. ಮರುದಿನ ವೈದ್ಯ ಆಂತೊಮಾರ್ಕಿ ಬ್ರಿಟಿಷ್ ವೈದ್ಯರ ಎದುರಿನಲ್ಲೇ ಶವಪರೀಕ್ಷೆ ನಡೆಸಿದಾಗ ಜಠರದಲ್ಲಿ ದೊಡ್ಡ ಹುಣ್ಣು ಕಂಡಿತು. ಆತನ ತಂದೆಯೂ 1785ರಲ್ಲಿ ಜಠರದ ರೋಗದಿಂದಲೇ ತೀರಿಕೊಂಡಿದ್ದ.

ಸಾವಿನ ಚರ್ಚೆ ಅಲ್ಲಿಗೇ ನಿಲ್ಲಲಿಲ್ಲ. ನೆಪೋಲಿಯನ್ನನ ಕೂದಲಿನಲ್ಲಿ ಆರ್ಸೆನಿಕ್ ಹೆಚ್ಚಿದೆ ಎಂಬ ಆಧಾರದ ಮೇಲೆ 1961ರಲ್ಲಿ ಸ್ವೀಡನ್ನಿನ ದಂತವೈದ್ಯ ಫೋರ್ಶುಫ್ವುಡ್ ವಿಷಪ್ರಾಶನದ ವಾದ ಹೂಡಿದರು. ಲಾಂಗ್‌ವುಡ್‌ನ ಗೋಡೆಗಂಟಿಸಿದ ಕಾಗದದ ಹಸಿರು ಬಣ್ಣದಲ್ಲೂ ಆರ್ಸೆನಿಕ್ ಇದ್ದದ್ದು ಮುಂದೆ ತಿಳಿಯಿತು. ಆದರೆ 2008ರಲ್ಲಿ ಇಟಲಿಯ ವಿಜ್ಞಾನಿಗಳು ಆತನ ಬಾಲ್ಯದ ಕೂದಲನ್ನೂ ಪತ್ನಿ ಜೋಸೆಫೀನ್ ಹಾಗೂ ಮಗನ ಕೂದಲನ್ನೂ ಪರೀಕ್ಷಿಸಿದರು. ಎಲ್ಲದರಲ್ಲೂ ಆರ್ಸೆನಿಕ್ ಇಂದಿನವರ ಕೂದಲಿಗಿಂತ ಬಹುಪಾಲು ಹೆಚ್ಚಾಗಿತ್ತು! ಅಂದಿನ ಜನಜೀವನದಲ್ಲೇ ಆ ವಿಷ ಬೆರೆತಿತ್ತು. ಅದಕ್ಕೂ ಮುಂಚೆ, 2007ರಲ್ಲಿ, ಶವಪರೀಕ್ಷೆಯ ವಿವರಗಳನ್ನು ಇಂದಿನ ರೋಗಿಗಳ ವಿವರಗಳೊಡನೆ ಹೋಲಿಸಿದ ತಜ್ಞರು ಇದು ಬಲಿತ ಜಠರದ ಕ್ಯಾನ್ಸರ್ ಎಂದಿದ್ದರು.

ಒಂದು ಅಂಕಿ ದೊಡ್ಡದೋ ಚಿಕ್ಕದೋ ಎಂದು ತಿಳಿಯಲು ಅದನ್ನು ಬೇರೆ ಅಂಕಿಯೊಡನೆ ಹೋಲಿಸಬೇಕು. ಶಾಲೆಯ ಪ್ರಯೋಗಾಲಯದಲ್ಲಿ ಕಲಿಸುವ ಪಾಠವೂ ಇದೇ.

ಲಾಂಗ್‌ವುಡ್‌ಗೆ ಸಮೀಪದ ಕಣಿವೆಯಲ್ಲಿ ನೆಪೋಲಿಯನ್ನನ ಮೊದಲ ಸಮಾಧಿಯಿದೆ. 1840ರಲ್ಲಿ ಶವವನ್ನು ಪ್ಯಾರಿಸ್ಸಿಗೆ ಒಯ್ದರು. ಏನು ಬರೆಸಬೇಕೆಂಬುದರಲ್ಲಿ ಎರಡೂ ಕಡೆಯವರಿಗೆ ಒಮ್ಮತವಾಗದೆ ಉಳಿದ ಆ ಚಪ್ಪಡಿಯ ಮೇಲೆ ಇಂದಿಗೂ ಹೆಸರಿಲ್ಲ.