ಷೆಲ್ಫರ್ಡಿನ ಬಣ್ಣದ ದಾರಿ

ಇಂಗ್ಲೆಂಡಿನ ಕೇಂಬ್ರಿಜ್ ನಗರಕ್ಕೆ ಹೋದವರು ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರವನ್ನೂ ಕ್ಯಾಮ್ ನದಿಯ ಸೇತುವೆಗಳನ್ನೂ ನೋಡಿಕೊಂಡು ಹಿಂದಿರುಗುವುದು ವಾಡಿಕೆ. ಊರಿನ ದಕ್ಷಿಣದ ಅಂಚಿನಲ್ಲಿ, ಆಡನ್‌ಬ್ರೂಕ್ಸ್ ಆಸ್ಪತ್ರೆಯ ಬಳಿಯಿಂದ ಗ್ರೇಟ್ ಷೆಲ್ಫರ್ಡ್ ಎಂಬ ಹಳ್ಳಿಯವರೆಗೆ, ರೈಲುಹಳಿಯ ಮಗ್ಗುಲಲ್ಲಿ ಸಾಗುವ ಒಂದು ದಾರಿಯುಂಟು. ಅದನ್ನು ನೋಡಲೆಂದೇ ಬರುವವರು ವಿರಳ. ಆದರೆ ಮನುಷ್ಯನ ಒಳಗಿರುವ ಬರೆಹವನ್ನು ನೆಲದ ಮೇಲೆ ಹಾಸಿ, ನಡೆದಾಡಿರೆಂದು ಜನರಿಗೆ ಬಿಟ್ಟುಕೊಟ್ಟಿರುವ ಸ್ಥಳ ಅದು. ಕಳೆದ ವಸಂತಕಾಲದಲ್ಲಿ ನಮ್ಮ ತಂಗಿ ಮೈಸೂರಿನಿಂದ ನಮ್ಮಲ್ಲಿಗೆ ಬಂದಿದ್ದಾಗ, ಒಂದು ಭಾನುವಾರ ಬೆಳಗ್ಗೆ ಅವಳನ್ನು ಕರೆದುಕೊಂಡು ಆ ದಾರಿಯನ್ನು ನಡೆದು ಬಂದೆವು. ಆ ನಡಿಗೆಯ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ಮೊದಲು ನಮ್ಮ ಕಸುಬನ್ನು ಹೇಳಬೇಕು. ನಾವು ಅಣುಜೀವಶಾಸ್ತ್ರದವರು. ಜನರ ರಕ್ತದಿಂದ ತೆಗೆದ ಡಿ.ಎನ್.ಎ.ಯನ್ನು ಯಂತ್ರದಿಂದ ಓದಿಸಿ, ಅದರ ಅಕ್ಷರಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ಹೋಲಿಸಿ ನೋಡುವುದೇ ನಮ್ಮ ದಿನದ ದುಡಿಮೆ. ಆ ಲಿಪಿಯಲ್ಲಿ ಎ, ಟಿ, ಜಿ, ಸಿ ಎಂದು ನಾಲ್ಕೇ ಅಕ್ಷರಗಳು. ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ. ಒಂದೊಂದು ಪ್ರತಿಯಲ್ಲಿಯೂ ಸುಮಾರು 300 ಕೋಟಿ ಅಕ್ಷರ. ಒಬ್ಬರಿಗೂ ಮತ್ತೊಬ್ಬರಿಗೂ ಸಾವಿರಕ್ಕೆ ಒಂದರಂತೆ ವ್ಯತ್ಯಾಸ. ಆ ವ್ಯತ್ಯಾಸಗಳಲ್ಲಿ ಕೇಡಿನದಾವುದು, ನಿರುಪದ್ರವಿಯಾವುದು ಎಂದು ಬೇರ್ಪಡಿಸುವಾಗ, ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸವೇ ನಮಗೆ ನೆನಪಾಗುತ್ತದೆ. ಕಲ್ಲೋ ಅಕ್ಕಿಯೋ ತಿಳಿಯದ ಮೂರನೆಯ ರಾಶಿಯೊಂದು ಮಾತ್ರ ಯಾವಾಗಲೂ ಉಳಿಯುತ್ತದೆ. ನಮ್ಮ ದೇಶದವರ ಡಿ.ಎನ್.ಎ. ಓದುವಾಗ ಆ ರಾಶಿ ಹೆಚ್ಚು. ಏಕೆಂದರೆ ಹೋಲಿಸಿ ನೋಡಲು ಬಹುಕಾಲ ಇದ್ದದ್ದು ಹೆಚ್ಚಾಗಿ ಯೂರೋಪಿನವರ ಪ್ರತಿಗಳೇ. ಈ ಕೊರತೆಯನ್ನು ನೀಗಲು 2020ರಲ್ಲಿ ಮೊದಲಾದ ‘ಜೀನೋಮ್ ಇಂಡಿಯಾ’ ಎಂಬ ಕಾರ್ಯಕ್ಕೆ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರವೇ ಮುಂದಾಳಾಯಿತು. ಸುಮಾರು 10,000 ಭಾರತೀಯರ ಪ್ರತಿಗಳು 2025ರ ಜನವರಿಯಲ್ಲಿ ಸಂಶೋಧಕರಿಗೆ ದೊರೆತವು.

ಇನ್ನು ದಾರಿಯ ಮಾತು. ಇಂಗ್ಲೆಂಡಿನವರು ತಮ್ಮ ದೇಶದ ಸೈಕಲ್ ದಾರಿಗಳ ಹತ್ತುಸಾವಿರದ ಮೈಲಿಯ ಗುರುತಿಗಾಗಿ 2005ರಲ್ಲಿ ಇದನ್ನು ತೆರೆದರು. ಕಪ್ಪು ಡಾಂಬರಿನ ಮೇಲೆ ಹಸಿರು, ಕೆಂಪು, ಹಳದಿ, ನೀಲಿ ಪಟ್ಟೆಗಳು ಒಂದರ ಪಕ್ಕದಲ್ಲೊಂದು ಸಾಗುತ್ತವೆ. ಒಂದೊಂದು ಬಣ್ಣವೂ ಒಂದೊಂದು ಅಕ್ಷರ. ಒಟ್ಟು 10,257 ಪಟ್ಟೆಗಳು. ಬಿ.ಆರ್.ಸಿ.ಎ.2 ಎಂಬ ಒಂದೇ ಒಂದು ಜೀನಿನ ಪಾಠವಿದು. ದೇಹದಲ್ಲಿ ಈ ಪಾಠ ಹೀಗೆ ಒಟ್ಟಿಗಿಲ್ಲ. ಹದಿಮೂರನೆಯ ವರ್ಣತಂತುವಿನಲ್ಲಿ ಹಲವು ತುಂಡುಗಳಾಗಿ ಹರಡಿಕೊಂಡಿದೆ. ತುಂಡುಗಳನ್ನು ಜೋಡಿಸಿ ಓದಿದಾಗ ಬರುವುದು ಈ ಸಾಲು. ಮನುಷ್ಯನ ಒಂದು ಪ್ರತಿಯನ್ನು ಪೂರ್ತಿಯಾಗಿ ಇದೇ ರೀತಿ ಹಾಸಬೇಕಾದರೆ ಇಂಥ ಮೂರು ಲಕ್ಷ ದಾರಿಗಳು ಬೇಕು. ದಾರಿಯೊಂದಕ್ಕೆ ಅರ್ಧ ಗಂಟೆಯೆಂದರೂ, ಹಗಲಿರುಳು ನಿಲ್ಲದೆ ನಡೆದವನಿಗೆ ಹದಿನೇಳು ವರ್ಷಗಳ ಯಾತ್ರೆ!

ಬೇಲಿಯ ಗಿಡಗಳು ಬಿಳಿಯ ಹೂ ತಳೆದಿದ್ದವು. ರಾತ್ರಿಯ ಸರದಿ ಮುಗಿಸಿದ ದಾದಿಯೊಬ್ಬಳು ಸೈಕಲ್ಲಿನ ಗಂಟೆ ಬಾರಿಸುತ್ತ ಹಳ್ಳಿಯ ಕಡೆ ಹೋದಳು. ಇಬ್ಬರು ಹುಡುಗರು ಕೆಂಪು ಪಟ್ಟೆಯನ್ನಷ್ಟೇ ತುಳಿಯಬೇಕೆಂಬ ಪಂದ್ಯ ಹೂಡಿ ಕುಪ್ಪಳಿಸುತ್ತಿದ್ದರು. ಲಂಡನ್ನಿನ ರೈಲೊಂದು ಸದ್ದು ಮಾಡುತ್ತ ಹಾದುಹೋಯಿತು. ಅದರ ಸದ್ದು ಅಡಗಿದ ಮೇಲೆ ತಂಗಿ ಕೇಳಿದಳು:

“ಅಕ್ಕಾ, ಅಷ್ಟೊಂದು ಜೀನುಗಳಿರುವಾಗ ಇದನ್ನೇ ಏಕೆ ಆರಿಸಿದರು?”

ಈ ಪ್ರಶ್ನೆ ಬಂದೀತೆಂದು ನಮಗೆ ಗೊತ್ತಿತ್ತು. ಈ ಜೀನನ್ನು 1995ರಲ್ಲಿ ಗುರುತಿಸಿದ ಕಾರ್ಯದಲ್ಲಿ, ಇದೇ ಸೀಮೆಯ ಹಿಂಕ್ಸ್‌ಟನ್ ಹಳ್ಳಿಯ ಸ್ಯಾಂಗರ್ ಕೇಂದ್ರದ ಪಾಲೂ ಇತ್ತೆಂದು ಹೇಳಿದೆವು. ಡಿ.ಎನ್.ಎ.ಯ ಎರಡೆಳೆಯೂ ಕಡಿದುಹೋದಾಗ ಅದನ್ನು ತಪ್ಪಿಲ್ಲದೆ ಕೂಡಿಸಲು ನೆರವಾಗುವ ಜೀನು ಇದೆಂದೂ ಹೇಳಿದೆವು. ಮುಂದಿನದನ್ನು ಹೇಳಲು ನಾಲಗೆ ತಡವರಿಸಿತು. ಇದು ಕೆಟ್ಟಿದ್ದರೆ ಸ್ತ್ರೀಯರಿಗೆ ಎಂಬತ್ತು ವರ್ಷ ತುಂಬುವಷ್ಟರಲ್ಲಿ ನೂರಕ್ಕೆ ಸುಮಾರು 69 ಮಂದಿಗೆ ಸ್ತನದ ಕ್ಯಾನ್ಸರು ಬರುವ ಸಂಭವವಿದೆಯೆಂದು 2017ರ ದೊಡ್ಡ ಅಧ್ಯಯನವೊಂದು ಲೆಕ್ಕ ಹಾಕಿದೆ.

ನಮ್ಮ ತಾಯಿ ತೀರಿಕೊಂಡದ್ದು 1994ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ. ಎದೆಯಲ್ಲಿ ಗಂಟು ಎಂದಷ್ಟೇ ಮನೆಯಲ್ಲಿ ಮಾತು, ಅದೂ ಮೆಲ್ಲನೆ. ದೊಡ್ಡಮ್ಮ ಹೋದದ್ದೂ ಅದರಿಂದಲೇ. ಅಜ್ಜಿ ‘ಮನೆತನದ ದೋಷ’ ಎಂದು ಹರಕೆ ಹೊತ್ತರು. ತಂಗಿ ಈಗ ತಾಯಿಯ ವಯಸ್ಸನ್ನು ದಾಟಿದ್ದಾಳೆ. ನಾವು ಅದನ್ನು ದಾಟಿ ಕೆಲವು ವರ್ಷಗಳಾದವು. ಸಾವಿರಾರು ಜನರ ಅಕ್ಷರಗಳನ್ನು ಓದಿರುವ ನಾವು ನಮ್ಮದನ್ನು ಒಂದು ದಿನವೂ ಓದಿಸಿರಲಿಲ್ಲ. ಬಿಡುವಿಲ್ಲವೆಂಬುದು ನಮ್ಮ ನೆಪ, ಭಯವೆಂಬುದು ನಿಜ.

ಅರ್ಧ ದಾರಿ ಕಳೆದು ಸ್ವಲ್ಪ ಮುಂದೆ ಬಂದ ಮೇಲೆ ನಿಂತೆವು. “5,946ನೆಯ ಪಟ್ಟೆ ಇಲ್ಲಿಯೇ ಎಲ್ಲೋ ಇರಬೇಕು. ಮಧ್ಯ ಮತ್ತು ಪೂರ್ವ ಯೂರೋಪಿನ ಮೂಲದ ಯೆಹೂದ್ಯರಲ್ಲಿ ಸುಮಾರು ನೂರಕ್ಕೊಬ್ಬರಿಗೆ ಆ ಒಂದು ಅಕ್ಷರ ಬಿಟ್ಟುಹೋಗಿರುತ್ತದೆ,” ಎಂದೆವು.

“ಹತ್ತುಸಾವಿರದಲ್ಲಿ ಒಂದು ಹೋದರೆ ಏನಂತೆ?”

ಈ ಲಿಪಿಯನ್ನು ಜೀವಕೋಶವು ಮೂರು ಮೂರು ಅಕ್ಷರವಾಗಿ ಓದುತ್ತದೆ. ‘ಕಮಲ ಅರಳಿ ನಗಲು’ ಎಂಬಲ್ಲಿ ‘ಮ’ ಒಂದನ್ನು ಬಿಟ್ಟು ಮೂರು ಮೂರಾಗಿ ಓದಿದರೆ ‘ಕಲಅ ರಳಿನ ಗಲು’ ಎಂದಾಗುತ್ತದೆ. ಬಿಟ್ಟದ್ದು ಒಂದು, ಕೆಟ್ಟದ್ದು ಅಲ್ಲಿಂದ ಮುಂದಿನದೆಲ್ಲ. ಹೀಗೆ ವಿವರಿಸಿದಾಗ ತಂಗಿ ಆ ಸಾಲನ್ನು ಬಾಯಲ್ಲೇ ಎರಡು ಸಲ ಹೇಳಿಕೊಂಡಳು.

“ಅಮ್ಮನಲ್ಲಿ ಇಂಥದೇನಾದರೂ ಇದ್ದಿದ್ದರೆ, ನಮ್ಮಿಬ್ಬರಿಗೂ ಬಂದೇ ಬಂದಿದೆಯೇ?”

“ಇಲ್ಲ. ಒಬ್ಬೊಬ್ಬರಿಗೂ ಅರ್ಧಕ್ಕರ್ಧ ಸಂಭವ. ಇಬ್ಬರಿಗೂ ಬಂದಿರಬಹುದು, ಇಬ್ಬರಿಗೂ ಬಾರದಿರಬಹುದು, ಒಬ್ಬರಿಗೆ ಮಾತ್ರ ಬಂದಿರಲೂಬಹುದು. ತಂದೆಯ ಕಡೆಯಿಂದಲೂ ಬರುವುದುಂಟು.”

“ಅದಕ್ಕೇ ನೀನು ಇಷ್ಟು ದಿನ ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ. ನಿನಗಿಲ್ಲದೆ ನನಗಿದ್ದರೆ ಎಂದು ತಾನೇ?”

ನಾವು ಉತ್ತರ ಕೊಡಲಿಲ್ಲ. ಅವಳು ಮತ್ತೆ ಹೇಳಿದಳು: “ಅಮ್ಮನಿಗೆ ಓದಿಸೋಣವೆಂದರೆ ಆಗ ಅದನ್ನು ಓದಬಲ್ಲವರೇ ಇರಲಿಲ್ಲ. ನಮಗಿದ್ದಾರೆ. ನನಗೂ ಒಬ್ಬಳು ಮಗಳಿದ್ದಾಳೆ, ಅಕ್ಕಾ. ಗೊತ್ತಿದ್ದರೆ ಕಾಯಬಹುದು, ಗೊತ್ತಿಲ್ಲದಿದ್ದರೆ ಹೆದರುವುದೊಂದೇ.”

ಅವಳು ಈ ಶಾಸ್ತ್ರ ಕಲಿತವಳಲ್ಲ. ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಚರಿತ್ರೆ ಹೇಳಿಕೊಡುವವಳು. ಆದರೂ ನಾವು ಇಷ್ಟು ವರ್ಷ ಸುತ್ತಿ ಬಳಸಿ ತಪ್ಪಿಸಿಕೊಂಡಿದ್ದ ಮಾತನ್ನು ನೇರವಾಗಿ ಆಡಿಬಿಟ್ಟಳು. ಇಂದು ದೋಷ ತಿಳಿದವರಿಗೆ ವರ್ಷಕ್ಕೊಮ್ಮೆ ಎಂ.ಆರ್.ಐ. ಪರೀಕ್ಷೆಯುಂಟು, ಬೇಕೆಂದವರಿಗೆ ಮುಂಜಾಗ್ರತೆಯ ಶಸ್ತ್ರಕ್ರಿಯೆಯುಂಟು, ಈ ದೋಷವನ್ನೇ ಗುರಿಯಿಟ್ಟ ಔಷಧಗಳೂ 2014ರಿಂದೀಚೆಗೆ ಬಂದಿವೆ. ಅಕ್ಷರ ಕೆಟ್ಟಿದ್ದರೂ ರೋಗ ಬಂದೇ ತೀರಬೇಕೆಂದಿಲ್ಲ. ಕೆಡದಿದ್ದರೂ ಎಂದೂ ಬಾರದೆಂದಲ್ಲ. ಇದನ್ನೆಲ್ಲ ಪರರಿಗೆ ಬರೆದುಕೊಡುವ ಕೈ ನಮ್ಮದು. ಆದರೂ ನಮ್ಮ ಮನೆಗೆ ಅದನ್ನು ತರಲು ತಂಗಿ ಸಾವಿರಾರು ಮೈಲಿ ದಾಟಿ ಬರಬೇಕಾಯಿತು.

ಷೆಲ್ಫರ್ಡಿನ ತುದಿಯಲ್ಲಿ ಬಣ್ಣಗಳು ಮುಗಿದು ಬರಿಯ ಡಾಂಬರು ಮೊದಲಾಗುತ್ತದೆ. ಹಳ್ಳಿಯಲ್ಲಿ ಚಹಾ ಕುಡಿದು ಅದೇ ದಾರಿಯಲ್ಲಿ ಹಿಂದಿರುಗಿದೆವು. ಇಬ್ಬರೂ ಮಾಡಿಕೊಂಡ ಕರಾರು ಎರಡು: ನಮ್ಮ ರಕ್ತವನ್ನು ನಮ್ಮ ಪ್ರಯೋಗಶಾಲೆಯಲ್ಲಿ ನಾವೇ ಓದತಕ್ಕದ್ದಲ್ಲ, ಸಲಹೆಗಾರರ ಮೂಲಕ ಬೇರೆಯವರಿಂದ ಓದಿಸತಕ್ಕದ್ದು, ಇಬ್ಬರ ಫಲಿತಾಂಶವನ್ನೂ ಒಂದೇ ದಿನ, ಅವಳು ಮೈಸೂರಿನಲ್ಲೂ ನಾವು ಇಲ್ಲಿಯೂ ದೂರವಾಣಿ ಹಿಡಿದುಕೊಂಡೇ, ಒಟ್ಟಿಗೆ ಕೇಳತಕ್ಕದ್ದು.

ಈ ಲೇಖನವನ್ನು ಬರೆಯುವ ಹೊತ್ತಿಗೆ ಇಬ್ಬರೂ ರಕ್ತ ಕೊಟ್ಟಾಗಿದೆ, ಉತ್ತರ ಬಂದಿಲ್ಲ. ಪ್ರಯೋಗಶಾಲೆಯಲ್ಲಿ ಮೂರು ರಾಶಿಗಳನ್ನು ಆರಿಸುವಾಗ ನಮ್ಮ ಕೈ ಈಗ ಮೊದಲಿಗಿಂತ ನಿಧಾನವಾಗಿದೆ. ಒಂದೊಂದು ಸಾಲಿನ ಹಿಂದೆಯೂ ಒಂದು ಮನೆ, ಆ ಮನೆಯಲ್ಲಿ ಮೆಲ್ಲನೆ ಆಡುವ ಒಂದು ಮಾತು ಇರುವುದೆಂದು ಈಗ ನಮಗೆ ಗೊತ್ತು. ವಾಚಕರ ಮನೆಗಳಲ್ಲಿ ಅಂಥ ಮಾತಿದ್ದರೆ, ಅದನ್ನು ಸ್ವಲ್ಪ ಗಟ್ಟಿಯಾಗಿ ಆಡುವುದು ಮೇಲೆಂದು ನಮ್ಮ ಬಿನ್ನಹ.